ಸ್ವಂತದ್ದೊಂದು ಚೀಲ

ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಪ್ಲಾಸ್ಟಿಕ್ ಕವರಿನ ಕಿವಿ ಹರಿದು
ನಿಂಬೆಹಣ್ಣು, ಕನ್ನಡಕದ ಡಬ್ಬಿ, ಬಿ.ಪಿ. ಮಾತ್ರೆ, ಪಾಸ್‌ಬುಕ್ಕು
ಎಲ್ಲ ಜನರ ಕಾಲಡಿ ಉರುಳಿದ ದಿನ
ತೀರ್ಮಾನಿಸಿದೆ: ಸಾಕು,
ಹೆಗಲಿಗೊಂದು ಚೀಲ ಕೊಳ್ಳಬೇಕು.

ನಗಬೇಡಿ.
ಮೂವತ್ತೊಂದು ವರ್ಷ ಕಂದಲಿ, ಪಾಳ್ಯ, ಬಾಳ್ಳುಪೇಟೆ ಎಂದು ಕೂಗುತ್ತ
ಸಕಲೇಶಪುರದ ಬಸ್ಸಿನಲ್ಲಿ ಚೀಲ ಹೊತ್ತವನೇ ನಾನು.
ಅದು ನನ್ನದಲ್ಲ.
ಕೊನೆಯ ದಿನ ಡಿಪೋದ ರಿಜಿಸ್ಟರಿನಲ್ಲಿ
ಚರ್ಮದ ಚೀಲ ಒಂದು, ಸೀಟಿ ಒಂದು, ಟಿಕೆಟ್ ಮೆಷಿನ್ನು ಒಂದು
ಎಂದು ಬರೆದು ರುಜು ಹಾಕಿಸಿಕೊಂಡರು.
ಶಾಲು ಕೊಟ್ಟರು, ಗೋಡೆ ಗಡಿಯಾರ ಕೊಟ್ಟರು.
ಎಡಹೆಗಲು ಅರ್ಧ ಇಂಚು ಇಳಿದದ್ದು ಮಾತ್ರ
ಯಾವ ರಿಜಿಸ್ಟರಿಗೂ ಹತ್ತಲಿಲ್ಲ.
ಬಿಳಿ ಅಂಗಿಯ ಅಳತೆಗೆ ಹೋದಾಗ ಟೈಲರ್ ವಿಠೋಬರಾಯರು
ಟೇಪು ಎರಡು ಸಲ ಹಿಡಿದರು,
ಏನೂ ಹೇಳದೆ
ಆ ಕಡೆ ಒಂದು ಪದರ ಬಟ್ಟೆ ಒಳಗಿಟ್ಟು ಹೊಲಿದುಕೊಟ್ಟರು.

ಭೋಮಾರಾಮನ ಅಂಗಡಿಗೆ ಹೋದೆ.
ಹುಟ್ಟಿದ್ದು ಜಾಲೋರ್, ಮಾತು ಅಪ್ಪಟ ಶಾಂತಿಗ್ರಾಮದ್ದು.
ಕೊಕ್ಕೆ ಕೋಲಿನಿಂದ ಮೇಲಿಂದ ಒಂದೊಂದೇ ಇಳಿಸಿದ.
ಕ್ಯಾನ್ವಾಸು ಸಾರ್, ಒಗೀಬೌದು.
ರೆಕ್ಸಿನ್ನು, ಮಳೇಲಿ ನೆಂದ್ರೂ ಜಪ್ಪಯ್ಯ ಅನ್ನಲ್ಲ.
ಇದ್ರ ಬೆನ್ನಲ್ಲೊಂದು ಕಳ್ಳ ಜೇಬೈತೆ ನೋಡಿ, ದೇವ್ರಿಗೂ ಗೊತ್ತಾಗಲ್ಲ.
ಇದು? ಹಾಡು ಕೇಳೋ ವೈರು ಬರಕ್ಕೆ ತೂತು.

ಮೂಲೆಯಲ್ಲೊಂದು ಕರಿ ಚರ್ಮದ್ದು ಇತ್ತು.
ಬೇಡ ಬೇಡ ಅಂದುಕೊಂಡೇ ಕೈಗೆತ್ತಿಕೊಂಡೆ;
ಪಟ್ಟಿ ತಾನಾಗಿ ಎಡಹೆಗಲು ಹತ್ತಿತು,
ಬೆರಳು ಒಳಗಿಳಿದು
ಉದ್ದಕ್ಕೆ ಮಡಿಸಿದ ಹತ್ತರ ನೋಟು ಹುಡುಕಿದವು.
ಸಿಕ್ಕಿದ್ದು ಮುದುರಿದ ಹಳೇ ಪೇಪರು,
ತಿನ್ನಬಾರದು ಎಂದು ಬರೆದ ಸಣ್ಣ ಪೊಟ್ಟಣ.
ಅಷ್ಟರಲ್ಲಿ ಸೂಟ್‌ಕೇಸು ನೋಡುತ್ತಿದ್ದ ಸಂಸಾರಕ್ಕೆ
'ಮುಂದೆ ನಡೀರಿ, ಮುಂದೆ ಜಾಗ ಇದೆ' ಅಂದುಬಿಟ್ಟಿದ್ದೆ.
ಪಾಪ, ಸರಿದರು.

'ಏನೇನ್ ಇಡ್ತೀರಿ ಸಾರ್? ಅದ್ರ ಮೇಲೆ ಸೈಜು.'
ಎಂಥ ಪ್ರಶ್ನೆ!
ಯಾವ ತಿರುವಿನಲ್ಲಿ ಚೆಕಿಂಗ್‌ನವರು ಹತ್ತಿದರೂ
ಚೀಲದಲ್ಲಿ ಎಷ್ಟಿದೆಯೆಂದು ಪೈಸೆ ಸಮೇತ ಹೇಳುತ್ತಿದ್ದವನು
ಗಂಟಲು ಸರಿಮಾಡಿಕೊಂಡೆ.
ಕನ್ನಡಕ. ಮಾತ್ರೆ. ಒಂದು ಟವೆಲ್ಲು.
ಊಟದ ಡಬ್ಬಿ? ಇಲ್ಲ, ಈಗ ಊಟ ಮನೆಯಲ್ಲೇ.
ಲ್ಯಾಪ್‌ಟಾಪು?
ಅವನೂ ನಕ್ಕ, ನಾನೂ.

ಕೊನೆಗೆ ಬೂದು ಬಣ್ಣದ ಕ್ಯಾನ್ವಾಸಿನದು,
ಕಳ್ಳ ಜೇಬು ಇರುವಂಥದ್ದು.
ಹಟ ಹಿಡಿದು ಬಲಹೆಗಲಿಗೇ ಹಾಕಿದೆ.
ಮೊದಲ ಸಲ ಮಾವನ ಮನೆಗೆ ಬಂದ ಅಳಿಯನ ಹಾಗೆ
ಸೊಂಟದ ಪಕ್ಕ ಬಿಗಿದುಕೊಂಡು ಕೂತಿತು.
ಇರಲಿ, ಒಗ್ಗುತ್ತದೆ.

ನಾನೂರ ಎಂಬತ್ತಕ್ಕೆ ಒಪ್ಪಿದ. ಐನೂರು ಕೊಟ್ಟೆ.
'ಚಿಲ್ಲರೆ ಇಲ್ವಲ್ಲ ಸಾರ್'
ಬಿಲ್ಲು ತಿರುವಿ, ಹಿಂದೆ ೨೦ ಎಂದು ಬರೆದು
ಸುತ್ತ ಒಂದು ಸೊನ್ನೆ ಎಳೆದ.
'ಈ ಕಡೆ ಬಂದಾಗ ಇಸ್ಕೊಳ್ಳಿ.'

ಅದೇ ಸೊನ್ನೆ.
ಎಷ್ಟು ಸಾವಿರ ಟಿಕೆಟ್ಟಿನ ಬೆನ್ನಿಗೆ ಎಳೆದೆನೋ!
ಇಳಿಯುವಾಗ ಕೇಳಿ ಇಸಿದುಕೊಂಡವರು,
ನಿದ್ದೆ ಹೋದವರು, ಸಂಕೋಚದವರು.
ಕೋಳಿಮರಿ ಬುಟ್ಟಿಯ ಹೆಂಗಸು ಪಾಳ್ಯದಲ್ಲಿ ಇಳಿದ ಮೇಲೆ
ಟಿಕೆಟ್ಟು ಎತ್ತಿ ಹಿಡಿದು ಓಡಿಬರುತ್ತಿದ್ದಳು,
ನಾನು ಆಗಲೇ ಸೀಟಿ ಊದಿದ್ದೆ.
ಏಳು ರೂಪಾಯಿ.
ಬಸ್ಸು ನಿಲ್ಲಿಸಬಹುದಿತ್ತು. ಡ್ರೈವರ್ ಬೈಯುತ್ತಿದ್ದ, ಅಷ್ಟೆ.
ಆ ಸಂಜೆ ಅದರಲ್ಲಿ ಎರಡು ಟೀ ಆಯಿತು.
ಯಾರಿಗೂ ಹೇಳಿರಲಿಲ್ಲ.

ಬಿಲ್ಲನ್ನು ಉದ್ದಕ್ಕೆ ಮಡಿಸಿ
ಬೆನ್ನಿನ ಕಳ್ಳ ಜೇಬಿಗೆ ಸೇರಿಸಿದೆ.
ಹೊಸ ಚೀಲದೊಳಗೆ ಮೊದಲು ಹೋದದ್ದು ಅದು.
ಮಾತ್ರೆ, ಕನ್ನಡಕ ಆಮೇಲೆ.
ನಿಂಬೆಹಣ್ಣು ಮರೆತೇ ಹೋಯಿತು.